ಕಂಡಿಗಲ್ಲಿಗೆ ಕಂಡಿ ಕೊರೆದವಳು

ಸಂಗನಗೆರೆಯಿಂದ ಪಡುವಲಿಗೆ ಎರಡು ಹರದಾರಿ ನಡೆದರೆ ಕಳ್ಳಿಸಾಲುಗಳ ನಡುವೆ ಒಂದು ಬೋಳು ಗುಡ್ಡ ಸಿಗುತ್ತದೆ. ಸರ್ಕಾರದ ನಕಾಶೆಯಲ್ಲಿ ಅದಕ್ಕೆ ಹೆಸರಿಲ್ಲ. ಸುತ್ತಲಿನ ಊರವರು ಅದನ್ನು ಕಂಡಿಗಲ್ಲು ಗುಡ್ಡ ಎನ್ನುತ್ತಾರೆ. ನೆತ್ತಿಯ ಮೇಲೆ ಆಳೆತ್ತರದ ಒಂದು ಶಾಸನದ ಕಲ್ಲು ನಿಂತಿದೆ. ಮೇಲೆ ಸೂರ್ಯಚಂದ್ರ, ಕೆಳಗೆ ಐದು ಸಾಲು ಬರಹ. ಮೂರನೆಯ ಸಾಲಿನ ನಡುವೆ ಅಕ್ಷರ ಇರಬೇಕಾದ ಕಡೆ ಅಂಗೈ ಅಗಲದ ಒಂದು ಕಂಡಿ, ಈಚೆಯಿಂದ ಆಚೆಗೆ ಕಲ್ಲನ್ನು ತೂರಿಕೊಂಡು ಹೋಗಿದೆ. ಇಲಾಖೆಯವರು ಮೊಣಕಾಲೆತ್ತರದ ಕಬ್ಬಿಣದ ಬೇಲಿ ಹಾಕಿ, ಪಕ್ಕದಲ್ಲಿ ನೀಲಿ ಫಲಕ ನೆಟ್ಟಿದ್ದಾರೆ. ಬೇನೆಯಿಂದ ಅಳಿದುಹೋದ ಒಂದು ಕಸುಬಿನ ಜನರಿಗಾಗಿ ದಯಾಳುವಾದ ದೊರೆ ನಿಲ್ಲಿಸಿದ ಸ್ಮಾರಕವಿದು, ಕಂಡಿಯನ್ನು ನಿಧಿಗಳ್ಳರು ಕೊರೆದಿರಬೇಕು ಎಂದು ಫಲಕ ಹೇಳುತ್ತದೆ. ನೆಲ ಅಗೆಯಬೇಕಾದ ನಿಧಿಗಳ್ಳರು ಅಕ್ಷರವನ್ನೇಕೆ ಅಗೆದರು ಎಂದು ಅದನ್ನು ಬರೆದ ಮಹಾಶಯರಿಗೆ ತೋಚಿದಂತಿಲ್ಲ. ಊರಿನ ಹಳಬರು ಹೇಳುವ ಕತೆಯೇ ಬೇರೆ.

ಹಿಂದೆ ಒಮ್ಮೆ, ಸಂಗನಗೆರೆಯಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಈ ಗುಡ್ಡದ ಮೂಡಣ ಮಗ್ಗುಲಲ್ಲಿ ಏಳು ಹಟ್ಟಿಗಳಿದ್ದವು. ಅಲ್ಲಿದ್ದವರು ಬೀಸುಕಲ್ಲು ಮಾಡುವ ಜನ. ಸೀಮೆಯ ಯಾವ ಮನೆಯಲ್ಲಿ ರಾಗಿ ಬೀಸಿದರೂ ಅದು ಅವರು ಕಡಿದ ಕಲ್ಲಿನಲ್ಲೇ. ಗಂಡಸರು ಕಲ್ಲು ಕಡಿಯುತ್ತಿದ್ದರು, ಹೆಂಗಸರು ಊರೂರು ತಿರುಗಿ ಸವೆದ ಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುತ್ತಿದ್ದರು. ಓದು ಬರಹ ಅವರಿಗೆ ಬೇಕಾಗಿರಲಿಲ್ಲ. ಯಾರ ಮನೆಗೆ, ಎಷ್ಟಗಲದ ಕಲ್ಲು ಎಂದು ಬಾಯಲ್ಲಿ ಹೇಳಿದರೆ ಸಾಕು, ಆ ಮಾತಿನ ಮೇಲೆ ಕೆಲಸ ನಡೆಯುತ್ತಿತ್ತು. ಎಲ್ಲಿ ಹೆಚ್ಚು ಕೆಲಸವೋ ಅಲ್ಲಿ ಉಳಿ ಆಳಕ್ಕೆ ಇಳಿಯಬೇಕು ಎಂಬುದು ಅವರ ಕಟ್ಟಳೆ. ಕಲ್ಲು ಮುಗಿದ ಮೇಲೆ ಮಾಡಿದವರೇ ಅದರಲ್ಲಿ ಮೊದಲ ಹಿಡಿ ರಾಗಿ ಬೀಸಿ, ಹಿಟ್ಟನ್ನು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಕೊಡುತ್ತಿದ್ದರು.

ಆಗಿನ ದೊರೆ ಬಸವಂತರಾಯ. ಒಂದು ಬೇಸಿಗೆಯಲ್ಲಿ ವೈರಿಯ ದಂಡು ಬಂದು ಅವನ ಕೋಟೆಯನ್ನು ಹಿಂಬದಿಯ ಬಂಡೆಯ ಕಡೆಯಿಂದ ಹತ್ತಿ, ಲೂಟಿ ಹೊಡೆದು ಹೋಯಿತು. ಕಾವಲು ಮಲಗಿತ್ತು ಎಂದು ಒಪ್ಪಿಕೊಳ್ಳಲು ಯಾವ ದೊರೆಗೆ ಮನಸ್ಸು ಬಂದೀತು? ಯಾರ ಮೇಲಾದರೂ ಗೂಬೆ ಕೂರಿಸಬೇಕಿತ್ತು. ಬಂಡೆಯ ದಾರಿ ಬಲ್ಲವರು ಬೀಸುಕಲ್ಲಿನವರೇ, ಅವರೇ ತೋರಿಸಿರಬೇಕು ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಆ ಕುಲದ ಒಂದು ಕುಡಿಯೂ ಉಳಿಯಬಾರದು ಎಂದು ಅಪ್ಪಣೆಯಾಯಿತು. ಕಾರಹುಣ್ಣಿಮೆಯ ಬೆಳಗ್ಗೆ ಏಳು ಹಟ್ಟಿಗಳನ್ನೂ ಸುತ್ತುವರಿದು ಕಡಿದರು. ಊರುಗಳಿಗೆ ಹೋಗಿದ್ದವರನ್ನು ಹುಡುಕುವುದೂ ಕಷ್ಟವಾಗಲಿಲ್ಲ. ಉಳಿಯ ಏಟಿಗೆ ಸಿಡಿದ ಚೂರು ಚರ್ಮದೊಳಗೆ ಸೇರಿ ಅವರೆಲ್ಲರ ಎಡಗೈ ಮೇಲೆ ನೀಲಿ ಚುಕ್ಕೆಗಳಿರುತ್ತಿದ್ದವು. ದಾರಿಗಳಲ್ಲಿ ಬಂಟರು ನಿಂತು ಬಂದುಹೋಗುವವರ ಎಡಗೈ ತಿರುಗಿಸಿ ನೋಡಿದರು. ಮಕ್ಕಳ ಕೈಯಲ್ಲಿ ಚುಕ್ಕೆ ಇರಲಿಲ್ಲ. ಚುಕ್ಕೆಯ ಕೈ ಹಿಡಿದುಕೊಂಡಿದ್ದವೆಂಬುದೇ ಅವನ್ನೂ ಕಡಿಯಲು ಸಾಕಾಯಿತು.

ಅಂದು ಬೊಮ್ಮಕ್ಕ ಎಂಬ ಇಪ್ಪತ್ತರ ಹೆಂಗಸು ಹುಲ್ಲೂರಿನ ಹೊನ್ನವ್ವನ ಮನೆಯಲ್ಲಿ ಕಲ್ಲು ಒರಟು ಮಾಡುತ್ತಿದ್ದಳು. ಗಂಡನನ್ನೂ ಎರಡು ವರ್ಷದ ಮಗಳನ್ನೂ ಹಟ್ಟಿಯಲ್ಲಿ ಬಿಟ್ಟು ಬಂದಿದ್ದಳು. ಬಂಟರು ಬೀದಿಗೆ ಬಂದದ್ದನ್ನು ಕಂಡ ಹೊನ್ನವ್ವ ಉಳಿಯನ್ನು ಬೂದಿಯಲ್ಲಿ ಹುಗಿದು, ಬೊಮ್ಮಕ್ಕನ ಎರಡೂ ಕೈಗಳನ್ನು ಕಲಸಿದ ರಾಗಿಹಿಟ್ಟಿಗೆ ಮೊಣಕೈಯವರೆಗೆ ಅದುಮಿ, "ನಾದು, ತಲೆ ಎತ್ತಬ್ಯಾಡ" ಎಂದಳು. ಬಂಟರು ಬಂದು ನೋಡಿದರು. "ಅದು ನಮ್ಮ ಸೊಸೆ ಕಣಪ್ಪ, ರೊಟ್ಟಿಗೆ ಕಲಸ್ತಾವ್ಳೆ" ಎಂದು ಹೊನ್ನವ್ವ ಅಂದದ್ದಕ್ಕೆ ಹೊರಟುಹೋದರು. ಬೊಮ್ಮಕ್ಕ ಅವತ್ತು ಸಂಜೆಯವರೆಗೂ ಆ ಹಿಟ್ಟನ್ನು ನಾದುತ್ತಲೇ ಇದ್ದಳಂತೆ, ನಿಲ್ಲಿಸು ಎಂದರೂ ಕೇಳಿಸಲಿಲ್ಲವಂತೆ.

ನಲವತ್ತು ವರ್ಷ ಅವಳು ಹೊನ್ನವ್ವನ ಸೊಸೆಯಾಗಿಯೇ ಬದುಕಿದಳು. ಎಡಗೈಗೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದಳು. ಬಸವಂತರಾಯ ಸತ್ತು ಅವನ ಮಗ ಕೆಂಪರಾಯ ಪಟ್ಟಕ್ಕೆ ಬಂದ. ಅವನಿಗೆ ಹುಟ್ಟಿದ ಗಂಡುಮಕ್ಕಳು ಉಳಿಯದೆ, ಸತ್ತವರ ಶಾಪ ಎಂದು ಜನ ಆಡಿಕೊಳ್ಳಲು ಶುರುಮಾಡಿದಾಗ, ಬೀಸುಕಲ್ಲಿನವರಿಗೆ ಗುಡ್ಡದ ಮೇಲೆ ಒಂದು ಕಲ್ಲು ನಿಲ್ಲಿಸುತ್ತೇನೆಂದೂ ಅವರಲ್ಲಿ ಯಾರಾದರೂ ಉಳಿದಿದ್ದರೆ ಆ ಕೈಯೇ ಅದನ್ನು ಕೆತ್ತಬೇಕೆಂದೂ ಡಂಗುರ ಸಾರಿಸಿದ. ಆಗ ಬೊಮ್ಮಕ್ಕ ಬಟ್ಟೆ ಬಿಚ್ಚಿಕೊಂಡು ಅರಮನೆಗೆ ಹೋಗಿ ನಿಂತಳು. ಕೂಲಿ ಬೇಡ, ಮಾನ್ಯದ ಹೊಲ ಬೇಡ ಎಂದಳು.

"ನಮ್ಮೋರು ಸಾಯಲಿಲ್ಲ ಬುದ್ಧಿ, ಅವ್ರನ್ನ ಕೊಂದ್ರು. ನಿಮ್ಮಪ್ಪಾರೇ ಕೊಲ್ಸಿದ್ರು. ಅದೊಂದು ಮಾತು ಕಲ್ಲಲ್ಲಿ ಇರ್ಬೇಕು. ನಂಗಿನ್ನೇನೂ ಬ್ಯಾಡ."

ತುಂಬಿದ ಸಭೆಯಲ್ಲಿ ಕೆಂಪರಾಯ ಆಗಲಿ ಎಂದ. ಕಣ್ಣೊರೆಸಿಕೊಂಡ ಎಂದೂ ಹೇಳುತ್ತಾರೆ. ಒರೆಸಿಕೊಂಡಿದ್ದರೂ ಇದ್ದಾನು, ಕಣ್ಣೀರಿಗೇನು, ಬರೆದಿಟ್ಟುಕೊಳ್ಳುವವರಿಲ್ಲ. ಒಳಮನೆಗೆ ಹೋದ ಮೇಲೆ ಅಪ್ಪನ ಹೆಸರಿಗೆ ಮಸಿ ಬಳಿಯುವ ಧೈರ್ಯ ಅವನಿಗಾಗಲಿಲ್ಲ. ಆಸ್ಥಾನದ ಬರವಣಿಗೆಯ ಶಾಮಯ್ಯನನ್ನು ಕರೆಸಿ ಏನೋ ಹೇಳಿದ. ಮರುದಿನ ಶಾಮಯ್ಯ ಕಾವಿಮಣ್ಣಿನಿಂದ ಕಲ್ಲಿನ ಮೇಲೆ ಐದು ಸಾಲು ಬರೆದ. ಅಕ್ಷರ ಅರಿಯದ ಬೊಮ್ಮಕ್ಕ ಉಳಿ ಹಿಡಿಯುವ ಮೊದಲು ಕೇಳಿದಳು, "ಅಯ್ಯನೋರೇ, ಕೊಂದ್ರು ಅನ್ನೋ ಮಾತು ಯಾವ್ದು?" ಶಾಮಯ್ಯ ಮೂರನೆಯ ಸಾಲಿನ ನಡುವೆ ಬೆರಳಿಟ್ಟ.

ಬಾಯಿಮಾತಿನ ಮೇಲೆ ಕಲ್ಲು ಕಡಿದ ಕುಲದವಳು ಅವಳು. ಎದುರು ನಿಂತು ಬೆರಳಿಟ್ಟು ಹೇಳಿದ ಮಾತು ಸುಳ್ಳಾಗಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಎಲ್ಲಿ ಹೆಚ್ಚು ಕೆಲಸವೋ ಅಲ್ಲಿ ಆಳ ಎಂಬ ಕಟ್ಟಳೆಯಂತೆ ಆ ಒಂದು ಮಾತನ್ನು ಉಳಿದೆಲ್ಲಕ್ಕಿಂತ ಮೂರು ಪಟ್ಟು ಆಳಕ್ಕೆ ಇಳಿಸಿದಳು. ಮಳೆಗಾಳಿಗೆ ಬೇರೆಲ್ಲ ಸವೆದುಹೋದರೂ ಅದೊಂದು ಉಳಿಯಲಿ ಎಂಬುದು ಅವಳ ಆಸೆ. ಆ ಒಂದು ಮಾತಿಗೇ ಹನ್ನೆರಡು ದಿನ ಹಿಡಿಯಿತಂತೆ. ಕಲ್ಲು ನಿಂತ ದಿನ ದೊರೆ ಹಾಲೆರೆದ, ಕಹಳೆ ಊದಿಸಿದ, ಸೀಮೆಯ ಜನ ಅವನನ್ನು ಧರ್ಮಿಷ್ಠ ಎಂದು ಕೊಂಡಾಡಿದರು. ಬೊಮ್ಮಕ್ಕ ಕಲ್ಲಿನ ಬುಡದಲ್ಲಿ ಒಂದು ಹಿಡಿ ರಾಗಿ ಸುರಿದು, ಮಗಳ ಹೆಸರು ಹೇಳಿ, ನಲವತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಮೂರು ವರ್ಷ ಅವಳು ನೆಮ್ಮದಿಯಾಗಿದ್ದಳು. ಪ್ರತಿ ಕಾರಹುಣ್ಣಿಮೆಗೆ ಗುಡ್ಡ ಹತ್ತಿ ಆ ಆಳದ ಅಕ್ಷರಗಳ ಮೇಲೆ ಕೈಯಾಡಿಸಿ ಬರುವಳು. ಮೂರನೆಯ ವರ್ಷ ದಾರಿಹೋಕ ಜಂಗಮನೊಬ್ಬ ಕಲ್ಲಿನ ನೆರಳಿಗೆ ಕೂತಿದ್ದ. ಅವಳು ನಮಸ್ಕರಿಸಿ, "ಇದ್ನೊಂದೀಟು ಓದ್ರಿ ಸ್ವಾಮಿ, ನನ್ನ ಕಿವೀಲಿ ಕೇಳ್ಬೇಕು" ಎಂದಳು. ಜಂಗಮ ಓದಿದ: ಸಂಗನಗೆರೆಯ ಕೆಂಪರಾಯರು, ಬೇನೆಯಿಂದ ಮಡಿದ ಬೀಸುಕಲ್ಲಿನವರಿಗೆ, ದಯೆಯಿಂದ ನಿಲ್ಲಿಸಿದ ಕಲ್ಲು. ಇನ್ನೊಮ್ಮೆ ಓದಿಸಿದಳು. ಆಮೇಲೆ ಮೂರನೆಯ ಸಾಲಿನ ನಡುವೆ ತಾನೇ ಬೆರಳಿಟ್ಟು ಕೇಳಿದಳು.

"ಇದೇನಂತೈತೆ?"

"ಬೇನೆ ಅಂತೈತವ್ವ. ಯಾರು ಕೆತ್ತಿದರೋ, ಭಾಳ ಆಳಕ್ಕೆ ಕೆತ್ತವ್ರೆ."

ಬೊಮ್ಮಕ್ಕ ಆಗ ಅಳಲಿಲ್ಲ ಎನ್ನುತ್ತಾರೆ. ಊರಿಗೆ ಹೋಗಿ ಉಳಿ ಸುತ್ತಿಗೆ ತಂದಳು. ಉಳಿದ ಅಕ್ಷರಗಳಾಗಿದ್ದರೆ ಮೇಲೆ ಕೆರೆದರೆ ಅಳಿಸಿಹೋಗುತ್ತಿದ್ದವು. ಈ ಸುಳ್ಳು ಹಾಗೆ ಹೋಗುವಂತಿರಲಿಲ್ಲ, ಅವಳ ಕೈಯೇ ಅದನ್ನು ಅಷ್ಟು ಚೆನ್ನಾಗಿ ಕೆತ್ತಿತ್ತು. ಕೆರೆದಷ್ಟೂ ಗುಣಿಯ ತಳದಲ್ಲಿ ಅಕ್ಷರ ಉಳಿಯುತ್ತಿತ್ತು. ಹೊಡೆಯುತ್ತ ಹೊಡೆಯುತ್ತ ಉಳಿ ಕಲ್ಲಿನ ಆಚೆ ಬದಿಗೆ ಬಂದಾಗಲೇ ಅವಳು ಕೈ ನಿಲ್ಲಿಸಿದ್ದು. ಕೆಂಪರಾಯನ ಬಂಟರು ಬಂದು ಎಳೆದೊಯ್ದರು. ಆಮೇಲೆ ಅವಳನ್ನು ಕಂಡವರಿಲ್ಲ. ದೊರೆ ಹೊಸ ಕಲ್ಲು ಕೆತ್ತಿಸೋಣವೆಂದರೆ ಕೆತ್ತಲು ಆ ಕುಲದ ಕೈ ಒಂದೂ ಉಳಿದಿರಲಿಲ್ಲ. ಹೀಗೆ ಕಲ್ಲಿಗೆ ಕಂಡಿಗಲ್ಲೆಂದೂ ಗುಡ್ಡಕ್ಕೆ ಕಂಡಿಗಲ್ಲು ಗುಡ್ಡವೆಂದೂ ಹೆಸರು ನಿಂತಿತು.

ಹೊನ್ನವ್ವನ ವಂಶದವರು ಹುಲ್ಲೂರಿನಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಹಾಲಪ್ಪ ಎಂಬ ಶಾಲಾ ಮಾಸ್ತರರು, ಇಲ್ಲೊಂದು ಫಲಕ ನೆಟ್ಟು ನಡೆದದ್ದು ಕೊಲೆಯೆಂದು ಅದರಲ್ಲಿ ಬರೆಯಿರಿ ಎಂದು ಹತ್ತೊಂಬತ್ತು ವರ್ಷ ಅರ್ಜಿ ಹಾಕಿದರು. ಕಡೆಗೊಮ್ಮೆ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು. ಸಂಗನಗೆರೆಯ ಹಳೆಯ ಕಡತವೊಂದರಲ್ಲಿ ಶಾಸನದ ಪೂರ್ತಿ ನಕಲು ಸಿಕ್ಕಿದೆ, ಬಿಟ್ಟುಹೋದ ಮಾತು ಬೇನೆ ಎಂದು ಗೊತ್ತಾಗಿದೆ ಎಂದರು. "ನಮಗೆ ಬರೆದ ಆಧಾರ ಬೇಕು ಮಾಸ್ತರೇ. ಕೊಂದರು ಅನ್ನೋದಕ್ಕೆ ಎಲ್ಲೂ ಬರಹ ಇಲ್ಲ. ಬೇನೆ ಅನ್ನೋದಕ್ಕೆ ಇದೆ. ಅದೂ ನೀವೇ ಹೇಳೋ ಹಾಗೆ, ಅದನ್ನ ಕೆತ್ತಿದ್ದು ಅವರ ಪೈಕಿ ಹೆಂಗಸೇ ಅಲ್ವಾ?" ಮುಂದಿನ ತಿಂಗಳೇ ನೀಲಿ ಫಲಕ ಬಂತು.

ಈಗ ಭಾನುವಾರಗಳಲ್ಲಿ ಜನ ಬರುತ್ತಾರೆ. ಫಲಕ ಓದಿ, ಬೇಲಿ ದಾಟಿ, ಕಂಡಿಯ ಪಕ್ಕ ಮುಖವಿಟ್ಟು ನಗುತ್ತ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕಾರಹುಣ್ಣಿಮೆಯ ಬೆಳಗ್ಗೆ ಮಾತ್ರ ಹುಲ್ಲೂರಿನ ಆ ಒಂದು ಮನೆಯವರು ಹತ್ತಿ ಬಂದು ಕಂಡಿಯೊಳಗೆ ಒಂದು ಹಿಡಿ ರಾಗಿ ಹಾಕುತ್ತಾರೆ. ಬೊಮ್ಮಕ್ಕ ಅದನ್ನು ಈಚೆಯಿಂದ ಕೆಳಮುಖವಾಗಿ, ಮೂಡಣಕ್ಕೆ ಓರೆಯಾಗಿ ಕೊರೆದಿದ್ದಾಳೆ. ಹಾಕಿದ ರಾಗಿ ನಿಲ್ಲದೆ ಆಚೆ ಬದಿಗೆ ಜಾರಿ ಬೀಳುತ್ತದೆ. ಫೋಟೋಗೆ ನಿಂತವರು ಒಂದು ಗಳಿಗೆ ತಿರುಗಿ ಅದರಲ್ಲಿ ಕಣ್ಣಿಟ್ಟು ನೋಡಿದರೆ ಗುಡ್ಡದ ಕೆಳಗೆ ಮರಗಿಡವಿಲ್ಲದ ಒಂದು ಬಯಲು ಕಾಣುತ್ತದೆ. ಅಲ್ಲಿ ಏಳು ಕಡೆ ಕಲ್ಲಿನ ಚೂರುಗಳ ಗುಡ್ಡೆಗಳಿವೆ, ಅರ್ಧಕ್ಕೆ ಬಿಟ್ಟ ಬೀಸುಕಲ್ಲುಗಳು ಬೋರಲು ಬಿದ್ದಿವೆ. ಆ ಕಂಡಿಯಿಂದ ಕಾಣುವುದು ಅಷ್ಟೇ, ಬೇರೇನೂ ಕಾಣುವುದಿಲ್ಲ.