ಎರವಲು ತಂದ ರೇಷ್ಮೆಹುಳು

ಒಂದು ವಿಶ್ವವಿದ್ಯಾಲಯದಲ್ಲಿ ರೇಷ್ಮೆ ಕೃಷಿಯ ಪದವಿ ತರಗತಿ ಇತ್ತು. ಅದರ ಮುಖ್ಯಸ್ಥರು ಪ್ರೊಫೆಸರ್ ನಂಜರಾಜಯ್ಯ. ಪಾಠ ಹೇಳುವುದರಲ್ಲಿ ಎತ್ತಿದ ಕೈ. ಆದರೆ ಅವರ ವಿಭಾಗಕ್ಕೆ ಹುಳು ಸಾಕುವ ಮನೆಯೇ ಇರಲಿಲ್ಲ. ವಿದ್ಯಾರ್ಥಿಗಳು ರೇಷ್ಮೆಹುಳುವನ್ನು ಕಪ್ಪುಹಲಗೆಯ ಮೇಲೆ ನೋಡಿಯೇ ಪದವಿ ಪಡೆಯುತ್ತಿದ್ದರು. ಒಂದು ಹುಳುಮನೆಗಾಗಿ ನಂಜರಾಜಯ್ಯನವರು ಕಂಡಕಂಡವರ ಬಳಿ ಅಲವತ್ತುಕೊಂಡಿದ್ದರು.

ಆ ವಿಶ್ವವಿದ್ಯಾಲಯದಲ್ಲಿ ಒಂದು ಪದ್ಧತಿ. ಕೆಲವು ವರ್ಷಗಳಿಗೊಮ್ಮೆ ಹೊರಗಿನ ತಜ್ಞರು ಬಂದು ಪ್ರತಿಯೊಂದು ಪದವಿಯ ಗುಣಮಟ್ಟ ನೋಡುವರು. ಎಲ್ಲಿ ಏನು ಬೇಕೆಂದು ಅವರು ಬರೆದರೆ ಆಡಳಿತ ಅದನ್ನು ಒದಗಿಸಬೇಕು. ಇಷ್ಟು ಒಳ್ಳೆಯ ಪದ್ಧತಿಗೆ ವಿಭಾಗಗಳು ಮಾತ್ರ ಪೊಲೀಸರಿಗೆ ಹೆದರಿದಂತೆ ಹೆದರುತ್ತಿದ್ದವು.

ಆ ತಜ್ಞರ ಸಮಿತಿ ಬರುತ್ತದೆಂದು ಗೊತ್ತಾದದ್ದೇ ತಡ, ನಂಜರಾಜಯ್ಯನವರಿಗೆ ಮಾನದ ಚಿಂತೆ ಹತ್ತಿತು. ಹತ್ತಿರದ ಹಳ್ಳಿಯ ರೈತರೊಬ್ಬರಿಂದ ಹುಳು ತುಂಬಿದ ತಟ್ಟೆಗಳನ್ನೂ ಹಿಪ್ಪುನೇರಳೆ ಸೊಪ್ಪನ್ನೂ ತರಿಸಿ, ಖಾಲಿ ಕೋಣೆಯೊಂದರಲ್ಲಿ ಜೋಡಿಸಿದರು. ಬಾಗಿಲ ಮೇಲೆ ‘ಹುಳು ಸಾಕಣೆ ಮನೆ’ ಎಂಬ ಬೋರ್ಡೂ ಬಂತು.

ಸಮಿತಿಯ ಅಧ್ಯಕ್ಷೆ ಡಾ. ವಾರಿಜಾ ಎಲ್ಲವನ್ನೂ ನೋಡಿ ತಲೆದೂಗಿದರು. ಹೊರಡುವ ಮುನ್ನ ಕೇಳಿದರು: “ಸರ್, ನಾವು ತಪ್ಪು ಹುಡುಕೋಕೆ ಬಂದವರಲ್ಲ. ನಿಮಗೆ ಏನು ಕೊರತೆ ಇದೆ, ಬಿಚ್ಚಿ ಹೇಳಿ. ಬರೀತೀವಿ.”

ನಿಜ ನಂಜರಾಜಯ್ಯನವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೋರ್ಡು ಕಣ್ಣೆದುರೇ ಇತ್ತಲ್ಲ!

“ಏನೂ ಕೊರತೆ ಇಲ್ಲ ಮೇಡಂ, ಎಲ್ಲಾ ಚೆನ್ನಾಗಿದೆ,” ಎಂದುಬಿಟ್ಟರು.

ಪಕ್ಕದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರೋ, ಸಮಿತಿಯನ್ನು ಸೀದಾ ತಮ್ಮ ಸೋರುವ ತೊಟ್ಟಿಯ ಹತ್ತಿರಕ್ಕೇ ಕರೆದೊಯ್ದರು. ‘ಈ ಮನುಷ್ಯನಿಗೆ ಬುದ್ಧಿ ಕೆಟ್ಟಿದೆ’ ಎಂದು ನಂಜರಾಜಯ್ಯ ಮನಸ್ಸಿನಲ್ಲೇ ನಕ್ಕರು. ಸಂಜೆಗೆ ಹುಳುಗಳು ರೈತರ ಮನೆಗೆ ಮರಳಿದವು.

ವರದಿ ಬಂತು. ರೇಷ್ಮೆ ವಿಭಾಗಕ್ಕೆ ಹೊಗಳಿಕೆಯ ಸುರಿಮಳೆ. ಕೊನೆಯಲ್ಲಿ ಹೀಗಿತ್ತು: ‘ಸುಸಜ್ಜಿತ ಹುಳುಮನೆ ಇದೆ. ಹೆಚ್ಚಿನ ನೆರವಿನ ಅಗತ್ಯವಿಲ್ಲ.’ ಮೀನುಗಾರಿಕೆಗೆ ಹೊಸ ತೊಟ್ಟಿಗಳು ಮಂಜೂರಾದವು.

ವಿಭಾಗದಲ್ಲಿ ಸಿಹಿ ಹಂಚಿದರು. ಕೊನೆಯ ವರ್ಷದ ಮುನಿಲಕ್ಷ್ಮಿ ಪೇಡೆ ತೆಗೆದುಕೊಂಡು ಖುಷಿಯಿಂದ ಕೇಳಿದಳು: “ಸರ್, ಹಂಗಾದ್ರೆ ನಮ್ಮ ಹುಳುಮನೆ ಯಾವಾಗ ಕಟ್ತಾರೆ?”

ನಂಜರಾಜಯ್ಯನವರಿಗೆ ಆ ಹುಡುಗಿಯ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದರು.

“ಇದೆ ಅಂತ ನಾನೇ ಹೇಳಿಬಿಟ್ಟೆ ಕಣಮ್ಮ,” ಎಂದರು. “ಇನ್ನು ಯಾರು ಕಟ್ಟಿಸ್ತಾರೆ?”

ನೀತಿ: ಗುಣಮಟ್ಟ ನೋಡಲು ಬಂದವರ ಮುಂದೆ ಕೊರತೆಯನ್ನು ಮುಚ್ಚಿಟ್ಟರೆ ಅಂದಿನ ಮಾನವೇನೋ ಉಳಿದೀತು, ಜೊತೆಗೆ ಕೊರತೆಯೂ ಉಳಿಯುತ್ತದೆ. ಅದನ್ನು ಅನುಭವಿಸುವವರು ವಿದ್ಯಾರ್ಥಿಗಳು.