ಎಡಗಾಲಿನ ಗೋಲು

"ಬುದ್ಧೀ, ಮಠದ ಆಡಳಿತವನ್ನು ನನಗೆ ವಹಿಸಿ. ಎಲ್ಲವನ್ನೂ ಒಂದು ದಾರಿಗೆ ತಂದು, ಆಮೇಲೆ ನೆಮ್ಮದಿಯಾಗಿ ಧ್ಯಾನಕ್ಕೆ ಕೂರುತ್ತೇನೆ. ಇದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಗುರುಪಾದ ಮಠದ ಸ್ವಾಮಿಗಳನ್ನು ಕೇಳಿದ. ಅಂದು ಬೆಳಗಿನ ಪೂಜೆ ಮುಗಿಯುವವರೆಗೂ ಅವನು ಬಾಗಿಲಲ್ಲೇ ನಿಂತು, ಬಂದ ದೊಡ್ಡವರನ್ನು ಮುಂದಿನ ಸಾಲಿಗೆ ಕರೆದು ಕೂರಿಸುತ್ತಿದ್ದ. ಈಗಲೂ ಅವನ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

"ಮೊದಲು ಇಲ್ಲಿ ಕೂರು. ಅದಾದರೂ ಆಗುತ್ತದೆಯೋ ನೋಡೋಣ" ಎಂದು ನಕ್ಕು ಸ್ವಾಮಿಗಳು ಕತೆ ಹೇಳಿದರು.

ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಊರಿನ ಮೈದಾನದಲ್ಲಿ ಕಲ್ಲಿನ ಮೇಲೆ ಬಿದ್ದು ಅವನ ಮೊಣಕಾಲು ಹೋಯಿತು, ಆಟ ನಿಂತಿತು. 'ಈ ಗತಿ ಬೇರೆ ಮಕ್ಕಳಿಗೆ ಬರಬಾರದು. ಮೈದಾನ ಸರಿಮಾಡಿಸಿ, ಮತ್ತೆ ಗೆರೆಯ ಪಕ್ಕ ಕೂತು ಆಟ ನೋಡುತ್ತೇನೆ' ಎಂದು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ. ಕಲ್ಲು ತೆಗೆಸಿ ಹುಲ್ಲು ಬೆಳೆಸಿದ. ಆದರೆ ಕೂರಲಿಲ್ಲ. ಪಕ್ಕದ ಜಿಲ್ಲೆಯ ಮೈದಾನ ಸರಿಮಾಡಿಸಲು ರಾಜ್ಯದ ಹುದ್ದೆ ಬೇಕಿತ್ತು. ಅದು ಸಿಕ್ಕಮೇಲೆ ದೆಹಲಿಯದು ಬೇಕೆನಿಸಿತು. ರಾಷ್ಟ್ರೀಯ ಸಂಸ್ಥೆಯ ಉಪಾಧ್ಯಕ್ಷನಾದ. ಇನ್ನು ಅಧ್ಯಕ್ಷ ಸ್ಥಾನವೊಂದೇ ಉಳಿದಿತ್ತು.

ಅದಕ್ಕೆ ವೋಟು ಹಾಕುವವರು ರಾಜ್ಯ ಸಂಸ್ಥೆಗಳ ಪದಾಧಿಕಾರಿಗಳು. ಪಂದ್ಯ ನಡೆದಲ್ಲೆಲ್ಲ ಅವರಿಗೆ ಮುಂದಿನ ಕುರ್ಚಿ ಸಿಕ್ಕಿತೇ, ಯಾರ ಪಕ್ಕ ಯಾರು ಕೂತರು, ಯಾರು ಮುನಿಸಿಕೊಂಡರು ಎಂದು ನೋಡುವುದೇ ಅವನ ಕೆಲಸವಾಯಿತು. ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುವುದು ರೂಢಿಯಾಯಿತು. ಗೋಲಾದದ್ದು ಅವನಿಗೆ ಜನರ ಕೂಗಿನಿಂದ ತಿಳಿಯುತ್ತಿತ್ತು.

ಅವನ ಮಗಳೂ ಆಡುತ್ತಿದ್ದಳು. ಚಿಕ್ಕಂದಿನಲ್ಲಿ ಅವನೇ ಅವಳನ್ನು, 'ನಿನ್ನ ಎಡಗಾಲು ಇರೋದು ಬರೀ ನಿಲ್ಲೋದಕ್ಕೇನೇ?' ಎಂದು ರೇಗಿಸುತ್ತಿದ್ದ. ಅವಳ ತಂಡ ರಾಷ್ಟ್ರೀಯ ಪಂದ್ಯಾವಳಿಯ ಫೈನಲ್ ತಲುಪಿತು. ನೋಡಲು ಬರುತ್ತೇನೆಂದು ಮಾತು ಕೊಟ್ಟ, ಬಂದೂ ಬಂದ. ಆಟಕ್ಕೆ ಮುಂಚೆ ಸಾಲಾಗಿ ನಿಂತ ಆಟಗಾರ್ತಿಯರ ಕೈ ಕುಲುಕುತ್ತ ಮುಖ್ಯ ಅತಿಥಿಯ ಜೊತೆ ನಡೆದ. ಮಗಳ ಕೈಯನ್ನೂ ಕುಲುಕಿದ. ಕಣ್ಣು ಮಾತ್ರ ಅತಿಥಿಯ ಮೇಲಿತ್ತು.

ಪಂದ್ಯದ ಕೊನೆಯ ಗಳಿಗೆಯಲ್ಲಿ ಮಗಳು ಎಡಗಾಲಿನಿಂದ ಗೋಲು ಹೊಡೆದಳು. ಅಪ್ಪನಿಗೆ ತೋರಿಸಬೇಕೆಂದೇ ವರ್ಷವೆಲ್ಲ ಗೋಡೆಗೆ ಚೆಂಡು ಒದ್ದು ಆ ಕಾಲನ್ನು ಪಳಗಿಸಿದ್ದಳು. ಆಗ ಅವನು ಯಾವುದೋ ರಾಜ್ಯದ ಅಧ್ಯಕ್ಷರಿಗೆ ಕುರ್ಚಿ ಹಾಕಿಸುತ್ತಿದ್ದ. ಕೂಗು ಕೇಳಿ ಗ್ಯಾಲರಿಯ ಕಡೆ ಮುಖ ಮಾಡಿಯೇ ಚಪ್ಪಾಳೆ ತಟ್ಟಿದ.

ಮನೆಗೆ ಮರಳುವಾಗ ಕಾರಿನಲ್ಲಿ ಅವಳು ಕೇಳಿದಳು: 'ಅಪ್ಪಾ, ನನ್ನ ಗೋಲು ನೋಡಿದ್ಯಾ?'

'ನೋಡ್ದೆ ಇರ್ತೀನಾ! ಏನು ಹೊಡೆತ ಅದು!'

'ಯಾವ ಕಾಲಲ್ಲಿ ಹೊಡೆದೆ, ಹೇಳು.'

'ನಿನ್ನ ಬಲಗಾಲು ನಂಗೊತ್ತಿಲ್ವೇನೇ?' ಎಂದ.

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಮುಂದೆ ಯಾವ ಪಂದ್ಯಕ್ಕೂ ಅವನನ್ನು ಕರೆಯಲಿಲ್ಲ. ಅವನು ಅಧ್ಯಕ್ಷನಾದ.

"ಕೆಟ್ಟವನಲ್ಲ, ಪಾಪ. ಅವನನ್ನು ನೆನೆದರೆ ನನಗೆ ಸಂಕಟವಾಗುತ್ತದೆ" ಎಂದು ಸ್ವಾಮಿಗಳು ಕತೆ ಮುಗಿಸಿದರು.

ಗುರುಪಾದ ತಡೆಯಲಾರದೆ ಹೇಳಿದ: "ಎದುರಿಗೇ ನಡೆದದ್ದು ಕಾಣದಷ್ಟು ಕುರುಡನೇ ಆತ? ನಾನು ಹಾಗಲ್ಲ, ಬುದ್ಧೀ."

ಸ್ವಾಮಿಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಬೆಳಗಿನ ಪೂಜೆಯಲ್ಲಿ ನೀನೂ ಇದ್ದೆಯಲ್ಲ, ಗದ್ದುಗೆಗೆ ಇವತ್ತು ಯಾವ ಹೂ ಏರಿಸಿದ್ದರು?"