ಜೇನುಗೂಡಿನ ಬಾಯಿಗೆ ಅಂಟು ಬಂದದ್ದು

ಲೋಕ ಹೊಸದಾಗಿದ್ದ ಕಾಲ. ಹಿಮಕ್ಕಿನ್ನೂ ಬೀಳುವುದು ಸರಿಯಾಗಿ ಬರುತ್ತಿರಲಿಲ್ಲ. ಒಂದು ದಿನ ಹಿಟ್ಟಿನಂತೆ, ಒಂದು ದಿನ ಕಲ್ಲಿನಂತೆ ಬೀಳುತ್ತಿತ್ತು. ಆಗ ಉತ್ತರದ ಹಿಮದ ಬೆಟ್ಟದಲ್ಲಿ ನೋರ್ಜಿನ್ ಎಂಬ ಅಜ್ಜಿ ಇದ್ದಳು. ಮಹಾ ಹಟಮಾರಿ.

ಒಂದು ಬೆಳಿಗ್ಗೆ ಅವಳ ಒಲೆ ಆರಿಹೋಯಿತು. ಮಗಳು ತುಂಬಿದ ಬಸುರಿ, ಇಂದೋ ನಾಳೆಯೋ ಹೆರಿಗೆ. ಬೆಂಕಿ ಇದ್ದದ್ದು ಬೆಟ್ಟದಾಚೆ ಅಜ್ಜಿಯ ತಂಗಿಯ ಮನೆಯಲ್ಲಿ ಮಾತ್ರ. ಗಡಿಗೆಯಲ್ಲಿ ಕೆಂಡ ಅರ್ಧ ದಿನ ಬದುಕುತ್ತದೆ. ಹಿಮದಲ್ಲಿ ನಡೆದು ಬರಲು ಇಡೀ ದಿನ ಬೇಕು.

"ನಡೆದರೆ ತಾನೇ? ಜಾರಿಕೊಂಡು ಹೋಗ್ತೀನಿ," ಎಂದಳು ಅಜ್ಜಿ. ಎರಡು ಉದ್ದ ಹಲಗೆ ಕೆತ್ತಿ ಕಾಲಿಗೆ ಕಟ್ಟಿಕೊಂಡಳು. ಹಿಮ ಹಲಗೆಗೆ ಮೆತ್ತಿಕೊಂಡು ಬಿಡಲೇ ಇಲ್ಲ.

ಅಂಗಳದ ದೇವದಾರು ಮರದ ಪೊಟರೆಯಿಂದ ಜೇನು ಇಣುಕಿತು. "ನನ್ನ ಮೇಣ ಹಚ್ಚಜ್ಜಿ."

ಹಚ್ಚಿದಳು. ಹಲಗೆ ಸುಯ್ಯನೆ ಜಾರಿತು. ಏರು ಹತ್ತುವಾಗಲೂ ಜಾರಿತು, ಹಿಂದಕ್ಕೆ! ಅಜ್ಜಿ ದೊಪ್ಪನೆ ಬಿದ್ದಳು. ಎದ್ದಳು.

"ನನ್ನ ಅಂಟು ಹಚ್ಚು," ಎಂದಿತು ದೇವದಾರು.

ಹಚ್ಚಿದಳು. ಏರಿನಲ್ಲಿ ಹಲಗೆ ಗಟ್ಟಿಯಾಗಿ ಹಿಡಿಯಿತು. ಇಳಿಜಾರಿನಲ್ಲೂ ಹಿಡಿಯಿತು. ಅಜ್ಜಿ ಮುಗ್ಗರಿಸಿ ಬಿದ್ದಳು. ಎದ್ದಳು.

ಏಳು ಸಲ ಹತ್ತಿದಳು, ಏಳು ಸಲ ಬಿದ್ದಳು. "ಸಾಕಮ್ಮಾ, ಸೊಂಟ ಮುರ್ಕೋತೀಯ," ಎಂದು ಮಗಳು ಬಾಗಿಲಲ್ಲಿ ನಿಂತು ಅತ್ತಳು. ಅಜ್ಜಿಗೂ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ.

ಎಂಟನೆಯ ಸಲ ಬಿದ್ದಲ್ಲೇ ಕೂತು ಹಲಗೆ ಮಗುಚಿ ನೋಡಿದಳು. ಅಂಟು ಸವೆದದ್ದು ಪಾದದ ಕೆಳಗೆ ಮಾತ್ರ. "ಒತ್ತಿ ಮೆಟ್ಟೋದು ಇಲ್ಲೇ ತಾನೇ? ಇಲ್ಲಿಗಷ್ಟೇ ಅಂಟು. ಹಿಂದೆ ಮುಂದೆ ಮೇಣ."

"ಆ ಜಿಗುಟಿನ ಪಕ್ಕ ನನ್ನ ಮೇಣವೇ?" ಜೇನು ಮುನಿಯಿತು.

"ನನ್ನ ಪೊಟರೆಯಲ್ಲೇ ಇದ್ದುಕೊಂಡು ನನ್ನನ್ನೇ ಅಂತೀಯಾ?" ಮರ ಸಿಡುಕಿತು.

"ನಿಮ್ಮ ಜಗಳದಿಂದ ನನ್ನ ಒಲೆ ಹೊತ್ತುತ್ತಾ?" ಅಜ್ಜಿ ಗದರಿದಳು.

ಮರ ಅಂಟು ಕೊಟ್ಟಿತು, ಜೇನು ಮೇಣ ಕೊಟ್ಟಿತು. "ಸರಿ, ಇದು ಓಡಿದರೆ ಆ ಅಂಟನ್ನು ನಾನೇ ಹೊತ್ತು ತಂದು ನನ್ನ ಮನೆಬಾಗಿಲಿಗೆ ಮೆತ್ಕೋತೀನಿ," ಎಂದು ಜೇನು ಗೊಣಗಿತು.

ಅಜ್ಜಿ ನೆರಳಿನ ಹಿಟ್ಟುಹಿಮದಲ್ಲಿ ಓಡಿಸಿ ನೋಡಿದಳು. ಬಿಸಿಲಿನ ಒದ್ದೆಹಿಮದಲ್ಲೂ ನೋಡಿದಳು. ಮೆಟ್ಟಿದರೆ ಹಿಡಿಯಿತು, ಬಿಟ್ಟರೆ ಜಾರಿತು!

ಮರುದಿನ ಹೊತ್ತು ಮುಳುಗುವ ಮೊದಲು ಅವಳು ತಂಗಿಯ ಮನೆಯಿಂದ ಕೆಂಡ ತಂದಳು. ಗಡಿಗೆಯಲ್ಲಿ ಒಂದೇ ಒಂದು ಉಳಿದಿತ್ತು. ಉಫ್ ಉಫ್ ಎಂದು ಊದಿದಳು. ಒಲೆ ಹೊತ್ತಿದ ಮೇಲೆಯೇ ಮೊಮ್ಮಗಳು ಹುಟ್ಟಿದಳು, ಬೆಚ್ಚಗೆ.

ಜೇನು ಮಾತಿಗೆ ತಪ್ಪಲಿಲ್ಲ. ಅದರ ಮಕ್ಕಳು ಮೊಮ್ಮಕ್ಕಳು ಊರೂರಿಗೆ ಹಾರಿದವು, ನಮ್ಮೂರಿಗೂ ಬಂದವು. ಗೋಡೆಯ ಬಿರುಕಿನಲ್ಲಿರುವ, ಕುಟುಕಲು ಬಾರದ ಪುಟ್ಟ ಮಿಸ್ರಿಜೇನಿನ ಗೂಡಿನ ಬಾಯಿ ಮುಟ್ಟಿ ನೋಡು ಮಗೂ. ನಿನ್ನ ಬೆರಳಿಗೆ ಜಿಗುಟಾಗಿ ಹತ್ತುವುದು ಮರದಿಂದ ಹೊತ್ತು ತಂದ ಅಂಟು, ಅಂದು ಅಜ್ಜಿಯ ಮುಂದೆ ಜೇನು ಕೊಟ್ಟ ಮಾತು.